ತೊಟ್ಟಿಲಲ್ಲಿ ಮಲಗಿದ್ದುದು ನನ್ನ ಮೊಮ್ಮಗ

ಕಾವೇರಿ, ನೀನು ಶಾಲೆ ಬಿಟ್ಟದ್ದಕ್ಕೆ ಕಾರಣ ನಿನ್ನ ಅವ್ವನಲ್ಲ. ನಾನು.

ಇದನ್ನು ನಿನ್ನೆದುರು ನಿಂತೇ ಹೇಳಬೇಕಿತ್ತು. ಒಂದೆರಡು ಸಲ ನಿಮ್ಮ ಕೇರಿಯ ತಿರುವಿನವರೆಗೆ ಬಂದೆ — ಅಲ್ಲಿಂದಲೇ ತಿರುಗಿ ಹೋದೆ. ಅದಕ್ಕೇ ಬರೆಯುತ್ತಿದ್ದೇನೆ. ಅಚ್ಚಾಗುವ ಬರಹವೆಂದು ಹೆಸರುಗಳನ್ನು ಬದಲಿಸಿದ್ದೇನೆ. ಓದಿದರೆ ನಿನಗೆ ಮಾತ್ರ ತಿಳಿಯುತ್ತದೆ.

ಆಗ ನಾನು ಪಂಚಾಯಿತಿ ಸದಸ್ಯೆ. ಕೂಲಿಗೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ಹಗಲು ನೋಡಿಕೊಳ್ಳಲು ನಮ್ಮ ಊರಿಗೂ ಒಂದು ಕೂಸಿನ ಮನೆ ಮಂಜೂರಾಗಿತ್ತು. ಅದನ್ನು ಹಟ ಹಿಡಿದು ನಮ್ಮ ಓಣಿಯ ಸಮುದಾಯ ಭವನಕ್ಕೆ ತಂದವಳು ನಾನೇ. ಗೋಡೆಗೆ ಮೊಲ, ಆನೆ ಬರೆಸಿದೆವು. ಬಾಗಿಲಲ್ಲಿ ಮಾವಿನ ತೋರಣ, ಒಳಗೆ ಹೊಸ ತೊಟ್ಟಿಲು. ಮಕ್ಕಳನ್ನು ನೋಡಿಕೊಳ್ಳಲು ನೇಮಕವಾದವರಲ್ಲಿ ಒಬ್ಬಳು ನನ್ನ ನಾದಿನಿ — ಇದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಏನು ಮಾಡಲಿ.

ಬಾಗಿಲು ತೆರೆಯುತ್ತಿದ್ದುದು ಬೆಳಿಗ್ಗೆ ಹತ್ತಕ್ಕೆ. ಬನವಾಸಿ ಕಡೆಯ ಅನಾನಸ್ ಹೊಲಗಳಿಗೆ ಹೆಣ್ಣಾಳುಗಳನ್ನು ಒಯ್ಯುವ ಟೆಂಪೋ ಬರುತ್ತಿದ್ದುದು ಏಳಕ್ಕೆ. ಇಷ್ಟು ಸಣ್ಣ ಸಂಗತಿ ನಮಗ್ಯಾರಿಗೂ ಹೊಳೆದಿರಲಿಲ್ಲ. ನಾವು ಯಾರೂ ಆ ಟೆಂಪೋ ಹತ್ತಿದವರಲ್ಲ.

ಆ ಹೆಂಗಸರು ನಕ್ಕರು. "ನಮ್ಮ ಕೂಸಿಗೂ ಆಫೀಸ್ ಟೈಮ್ ಮಾಡ್ಯಾರ ನೋಡ್ರೆ, ಇನ್ನ ಆಯಿತವಾರ ರಜಾನೂ ಕೊಡ್ತಾರ" ಎಂದು ಒಬ್ಬಳು ಅಂದದ್ದು ನನ್ನ ಕಿವಿಗೂ ಬಿತ್ತು. ನಗದೆ ನನ್ನ ಹತ್ತಿರ ಬಂದವಳು ನಿನ್ನ ಅವ್ವ ರೇಣುಕಾ ಒಬ್ಬಳೇ. ನಿನ್ನ ತಮ್ಮ ಮುತ್ತು ಆಗ ಅವಳ ಕಂಕುಳಲ್ಲಿದ್ದ.

"ಅಕ್ಕಾರ, ಏಳಕ್ಕ ಬಾಗ್ಲಾ ತಗಸ್ರಿ. ಹತ್ತರ ತನಕ ಇವನ್ನ ಯಾರ ಕೈಯಾಗ ಕೊಡ್ಲಿ? ಸಾಲಿ ಗಂಟಿ ಅದಕ್ಕೂ ಮೊದ್ಲ ಹೊಡೀತೈತಿ. ಕಾವೇರಿನ್ನ ಸಾಲಿ ಬಿಡಸಬೇಕಾಗ್ತೈತಿ. ಆಕಿ ಓದೂ ಹುಡುಗಿರಿ."

ನಾನು ಸಭೆಯಲ್ಲಿ ಹೇಳಿದೆ. ಹೇಳಿದ್ದು ನಿಜ — ಆದರೆ ಎಷ್ಟು ಮೆಲ್ಲಗೆ ಹೇಳಿದೆ ಎಂಬುದು ನನಗೆ ಗೊತ್ತು. ಬೇಗ ತೆರೆದರೆ ನೋಡಿಕೊಳ್ಳುವವರಿಗೆ ಹೆಚ್ಚಿನ ಕೂಲಿ ಕೊಡಬೇಕು, ಅದು ಪಂಚಾಯಿತಿಯ ಸ್ವಂತ ನಿಧಿಯಿಂದ ಹೋಗಬೇಕು. ಅಧ್ಯಕ್ಷರು ಅಂದರು: "ತಪಾಸಣೆಗೆ ಮೇಡಂ ಬರ್ತಾರಲ್ರಿ. ಅವರು ಬರದು ಕೊಟ್ರ ಕೊಡೂಣು." ಅಂದರೆ ಆ ಅಧಿಕಾರಿಗೆ ಯಾರಾದರೂ ನಿಜ ಹೇಳಬೇಕಿತ್ತು. ಅಷ್ಟೇ ಬೇಕಿತ್ತು. ನಾನು ರೇಣುಕಾಗೆ, ಆ ದಿನ ನೀನೂ ಬಾ, ಎಂದೆ. ಕರೆದವಳೂ ನಾನೇ.

ತಪಾಸಣೆಯ ದಿನ ಕೂಸಿನ ಮನೆಯಲ್ಲಿ ಮಕ್ಕಳು ಮೂರೋ ನಾಲ್ಕೋ. ಎಲ್ಲವೂ ಮನೆಯಲ್ಲಿ ಅಜ್ಜಿ ಇದ್ದವೇ, ಆಟಕ್ಕೆ ಬಂದವು. ತೊಟ್ಟಿಲು ಖಾಲಿ. ನಾದಿನಿ ಅದನ್ನೇ ನೋಡುತ್ತ ನಿಂತಳು. ಖಾಲಿ ತೊಟ್ಟಿಲನ್ನು ತೂಗಬಾರದೆಂಬುದು ನಮ್ಮಲ್ಲಿ ಎಲ್ಲರ ನಂಬಿಕೆ. ಹೆಸರಿಡುವ ದಿನ ಕೂಡ ಮೊದಲು ಗುಂಡುಕಲ್ಲನ್ನಾದರೂ ಮಲಗಿಸಿ, ಆಮೇಲೆ ಕೂಸನ್ನು ಹಾಕುತ್ತೇವೆ.

"ವೈನಿ, ಬರಿದ ತೊಟ್ಲಾ ತೋರಸೂದು ಚಲೋ ಅಲ್ಲ" ಎಂದಳು.

ನಾನು ಮನೆಗೆ ಹೋಗಿ, ಹಾಲು ಕುಡಿದು ಮಲಗಿದ್ದ ನನ್ನ ಮೊಮ್ಮಗನನ್ನು ಎತ್ತಿಕೊಂಡು ಬಂದು ಅದರಲ್ಲಿ ಮಲಗಿಸಿದೆ. ಆಗ ನನಗದು ಮೋಸ ಅನ್ನಿಸಿರಲಿಲ್ಲ. ಶಾಸ್ತ್ರ ಅನ್ನಿಸಿತ್ತು. ಹಾಗೆ ಅಂದುಕೊಂಡೆನೋ ಏನೋ —

ನಿನ್ನ ಅವ್ವ ಆ ದಿನದ ಕೂಲಿ ಬಿಟ್ಟು ಬಂದಿದ್ದಳು. ತೊಳೆದ ಸೀರೆ ಉಟ್ಟು ಗೋಡೆಯ ಮೊಲದ ಪಕ್ಕ ನಿಂತಿದ್ದಳು. ಮುತ್ತುವನ್ನು ನೀನು ಮನೆಯಲ್ಲಿ ಹಿಡಿದುಕೊಂಡಿದ್ದೆ. ಶಾಲೆಗೆ ಹೋಗಿರಲಿಲ್ಲ.

ಅಧಿಕಾರಿ ಒಳ್ಳೆಯ ಹೆಂಗಸು. ಬಂದವರೇ ತೊಟ್ಟಿಲಿಗೆ ಬಾಗಿ, "ಯಾರ ಮಗು ಇದು?" ಎಂದರು.

ನನ್ನದು ಎನ್ನಬಹುದಿತ್ತು. ಆಗ, ಕೂಲಿಯವರ ಮಕ್ಕಳೆಲ್ಲಿ ಎಂಬ ಮುಂದಿನ ಪ್ರಶ್ನೆ ಬರುತ್ತಿತ್ತು. ಕೂಸಿನ ಮನೆ ನಮ್ಮ ಓಣಿಯಿಂದ ಹೋದೀತು, ನಾದಿನಿಯ ಕೆಲಸ ಹೋದೀತು, ಹಟ ಹಿಡಿದು ತಂದವಳ ಮುಖ... ಇಷ್ಟೆಲ್ಲ ಒಂದು ಉಸಿರಿನಲ್ಲಿ ತಲೆಯಲ್ಲಿ ಹಾದುಹೋಯಿತು. ನಾನು ನಿನ್ನ ಅವ್ವನತ್ತ ಕೈ ತೋರಿಸಿದೆ.

"ಈಕಿದ ರೀ ಮೇಡಂ. ಹೊಲಕ್ಕ ಹೋಗ್ತಾಳ. ದಿನಾ ಇಲ್ಲೇ ಬಿಟ್ಟು ಹೋಗ್ತಾಳ."

ಅಧಿಕಾರಿ ಅವಳ ಕಡೆ ತಿರುಗಿ, "ಅನುಕೂಲ ಆಯ್ತೇನಮ್ಮ?" ಎಂದು ಕೇಳಿದರು.

ರೇಣುಕಾ ನನ್ನನ್ನು ನೋಡಿದಳು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಈಗ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ನಾನು ಮುಂದೇನು ಹೇಳುತ್ತೇನೋ ಎಂದು ಕಾಯುತ್ತಿದ್ದಳು. ನಾನು ಹೇಳಲಿಲ್ಲ. ಬೇಸಿಗೆಯಲ್ಲಿ ಅವಳಿಗೆ ಕೆಲಸ ಸಿಗುತ್ತಿದ್ದುದು ನಮ್ಮ ಹೊಲದಲ್ಲೇ — ಅದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

"ಹೂಂ ರೀ" ಎಂದಳು.

ಆ ತಿಂಗಳು ಮುಗಿಯುವುದರೊಳಗೆ ನೀನು ಶಾಲೆ ಬಿಟ್ಟೆ.

ಈಗ ಮುತ್ತು ಅಂಗನವಾಡಿಗೆ ಹೋಗುತ್ತಾನೆ. ನೀನು ಅದೇ ಟೆಂಪೋ ಹತ್ತುತ್ತೀ. ಮೊನ್ನೆ ಅಂಗಡಿಯ ಕಟ್ಟೆಯ ಬಳಿ ಟೆಂಪೋ ಕಾಯುತ್ತ ನಿನ್ನ ಅವ್ವನಿಗೆ ನೀನು ಅಂದದ್ದನ್ನು ಹಾಲು ತರಲು ಬಂದಿದ್ದ ನಾನು ಕೇಳಿಸಿಕೊಂಡೆ. "ನೀ ಯಾರನ್ನರ ಒಂದ್ ಮಾತು ಕೇಳಿದ್ಯೇನ್ ಬೇ? ಬಾಯಿಗೆ ಬೀಗ ಹಾಕ್ಕೊಂಡು ಕುಂತಿ. ನನ್ನ ಜತೀಗಿನವ್ರು ಹೈಸ್ಕೂಲಿಗೆ ಹೊಂಟಾರ." ರೇಣುಕಾ ತಲೆಗೆ ವಸ್ತ್ರ ಕಟ್ಟಿಕೊಳ್ಳುತ್ತಿದ್ದಳು. ಅಲ್ಲೇ ನಾನು ನಿಂತಿರುವುದನ್ನು ಕಂಡಳು. ಆದರೂ ನಿನಗೇನೂ ಹೇಳಲಿಲ್ಲ.

ನಾನೂ ಹೇಳಲಿಲ್ಲ.

ಅಂದೇ ಪಂಚಾಯಿತಿಗೆ ಹೋದೆ. ನನ್ನ ಸದಸ್ಯತ್ವ ಮುಗಿದಿದೆ. ಅಲ್ಲಿಯ ಗುಮಾಸ್ತರು ಕುರ್ಚಿ ಕೊಟ್ಟು, ಚಹಾ ತರಿಸಿ, ನಾನು ಹೇಳಿದ್ದನ್ನೆಲ್ಲ ಕೇಳಿ ನಕ್ಕರು. "ಅಕ್ಕಾರ, ಅದು ಚಲೋ ನಡದೈತಿ ಅಂತ ಮೇಡಂ ಮುಂದ ನೀವ ಹೇಳೀರಲ್ರಿ. ಚಲೋ ನಡದಿದ್ದಕ್ಕ ಮತ್ತ ರೊಕ್ಕ ಎಲ್ಲಿಂದ ಕೇಳೂದು?" ಅವರು ಹೇಳಿದ್ದರಲ್ಲಿ ತಪ್ಪೇನಿಲ್ಲ. ಹೊಸದಾಗಿ ಅರ್ಜಿ ಕೊಟ್ಟು ಬಂದಿದ್ದೇನೆ. ಯಾರು ತೆರೆದು ನೋಡುತ್ತಾರೋ ತಿಳಿಯದು. ಇವತ್ತಿಗೂ ಬಾಗಿಲು ತೆರೆಯುವುದು ಹತ್ತಕ್ಕೇ. ಟೆಂಪೋದಲ್ಲಿ ಈಗ ಬೇರೆ ತಾಯಂದಿರು, ಅವರ ಮನೆಗಳಲ್ಲಿ ಕೂಸು ಹೊತ್ತ ಬೇರೆ ಹುಡುಗಿಯರು.

ಶಾಲೆಗೂ ಹೋದೆ. ನಿನ್ನನ್ನು ಮತ್ತೆ ಸೇರಿಸಿಕೊಳ್ಳುತ್ತೇವೆ ಎಂದರು. ಆದರೆ ಶಿಕ್ಷಕಿಯೊಬ್ಬರು ಹೋದ ವರ್ಷವೇ ಕರೆಯಲು ಬಂದಾಗ, "ಸಣ್ಣ ಹುಡುಗ್ರ ಸಂಗಾಟ ಕುಂದ್ರೂದಿಲ್ರಿ ಟೀಚರ್" ಎಂದೆಯಂತೆ. ನಿನ್ನನ್ನು ಒಪ್ಪಿಸಲು ನನಗೆ ಯಾವ ಬಾಯಿದೆ? ಕಳೆದ ವರ್ಷಗಳನ್ನು ಯಾವ ನಿಧಿಯಿಂದ ತಂದು ಕೊಡಲಿ?

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ಅದನ್ನು ಕೊಡುವ ಭಾರವೂ ನಿನ್ನ ತಲೆಗೇ ಬರುತ್ತದೆ. ನಿನಗೆ ಗೊತ್ತಿಲ್ಲದ ಒಂದೇ ಒಂದು ಸಂಗತಿ ನನ್ನ ಬಳಿ ಇತ್ತು, ಅದನ್ನು ಕೊಡುತ್ತಿದ್ದೇನೆ. ನಿನ್ನ ಅವ್ವ ಕೇಳದೆ ಕೂತವಳಲ್ಲ. ಕೂಲಿ ಬಿಟ್ಟು, ತೊಳೆದ ಸೀರೆ ಉಟ್ಟು, ನಿನ್ನ ಶಾಲೆಯ ಮಾತು ಹೇಳಲೆಂದೇ ಬಂದಿದ್ದಳು. ಅವಳು ಬಾಯಿ ತೆರೆಯುವ ಮೊದಲು ನಾನು ಮಾತಾಡಿದೆ.