ಗ್ರೈಂಡರ್ ತಾಗಿಸಬಾರದು

ಹೆಣ್ಣುಮಗಳು ವೆಲ್ಡಿಂಗ್ ಮಾಡುವುದು ಈ ಜನ್ಮದಲ್ಲಿ ಆಗದ ಮಾತು ಎಂದು ತೀರ್ಪು ಕೊಟ್ಟವನು ನಮ್ಮ ಸೋದರಮಾವ. ಆ ಅಧಿಕಾರ ಅವನಿಗಿತ್ತು. ಟಿ. ನರಸೀಪುರದ ರಸ್ತೆಬದಿಯಲ್ಲಿ ಮೂವತ್ತು ವರ್ಷದಿಂದ ಗೇಟು, ಗ್ರಿಲ್ಲು ಮಾಡಿಕೊಂಡು ಬಂದವನು. ನಾನೂ ಕಡಿಮೆಯವಳಲ್ಲ. ಎರಡೂ ಕಡೆಯ ವಂಶದಲ್ಲಿ ಮೊದಲ ಪದವೀಧರೆ. ನಮ್ಮೂರು ಹದಿನಾರಿನಿಂದ ನಂಜನಗೂಡಿಗೆ ಮೂರು ವರ್ಷ ಬಸ್ಸಿನಲ್ಲಿ ನೇತಾಡಿಕೊಂಡು ಹೋಗಿ ಭೌತಶಾಸ್ತ್ರದಲ್ಲಿ ಬಿಎಸ್ಸಿ ಮಾಡಿದವಳು. ವಿದ್ಯುತ್ತಿನ ಬಗ್ಗೆ ಕೇಳಿದರೆ ಹತ್ತು ಅಂಕಕ್ಕೆ ಬರೆಯುತ್ತಿದ್ದೆ. ಮನೆಯಲ್ಲಿ ಫ್ಯೂಸು ಹೋದರೆ ಮಾತ್ರ ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ.

ಪದವಿ ಬಂದು ಒಂದೂವರೆ ವರ್ಷವಾದರೂ ಕೆಲಸ ಬರಲಿಲ್ಲ. ಆಗ ನಂಜನಗೂಡಿನ ಒಂದು ಕಾರ್ಖಾನೆಯವರು ಬಾಗಿಲಿಗೆ ಬೋರ್ಡು ಹಾಕಿದರು: ವೆಲ್ಡಿಂಗ್ ಪರೀಕ್ಷೆ ಪಾಸಾದವರಿಗೆ ಸರ್ಟಿಫಿಕೇಟು, ಕೆಲಸ, ಹೆಂಗಸರೂ ಬರಬಹುದು. ನನಗೆ ಆ ಕೆಲಸ ಬೇಕಾಗಿತ್ತು. ಮಾವನ ಅಂಗಡಿಗೆ ಹೋಗಿ ಕಲಿಸು ಎಂದೆ.

"ಎಣ್ಣೈಕ್ಳು ಓಲ್ಡರ್ ಇಡ್ಕಂಡು ನಿಂತ್ರೆ ಗಿರಾಕಿ ಬತ್ತವಾ? ಓದಿದ್ದೀಯಲ್ಲ, ಎಲ್ಲಾರ ಟೀಚರ್ ಆಗೋಗು."

ಜೊತೆಗಿದ್ದ ಅವ್ವ ಅಡ್ಡಬಂದಳು. "ಲೋ, ನನ್ ಮಗ್ಳಿಗೆ ಏಳ್ಕೊಡು ಅಂದ್ರೆ ಏಳ್ಕೊಡು. ಕಲ್ತ್ರೆ ಕಲೀಲಿ, ಬುಟ್ರೆ ಬುಡ್ಲಿ."

ಅಕ್ಕನ ಮಾತು ಮೀರುವ ಧೈರ್ಯ ಮಾವನಿಗಿರಲಿಲ್ಲ.

ಪದವೀಧರೆ ಅಂದಮೇಲೆ ನೇರವಾಗಿ ಕೆಲಸಕ್ಕೆ ಕೈ ಹಾಕುವುದುಂಟೆ? ಮೊದಲು ಇತಿಹಾಸ ಓದಿದೆ. ಓದಿದ್ದನ್ನು ಅಂಗಡಿಯ ಸ್ಟೂಲಿನ ಮೇಲೆ ಕೂತು ಮಾವನಿಗೂ ಒಪ್ಪಿಸಿದೆ. ಬೆಸುಗೆ ಹುಟ್ಟಿದ್ದು ಕುಲುಮೆಯಲ್ಲಿ. ಎರಡು ಕಬ್ಬಿಣದ ತುದಿಗಳನ್ನು ಬೆಳ್ಳಗಾಗುವವರೆಗೆ ಕಾಯಿಸಿ, ಮರಳು ಎರಚಿ, ಸುತ್ತಿಗೆಯಿಂದ ಬಡಿದು ಒಂದು ಮಾಡುತ್ತಿದ್ದರು. ಗಾಡಿಚಕ್ರದ ಪಟ್ಟಿ ಕೂಡುತ್ತಿದ್ದದ್ದು ಹಾಗೆ. ಹತ್ತೊಂಬತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕರೆಂಟಿನ ಕಿಡಿಯಿಂದ ಕಬ್ಬಿಣ ಕರಗಿಸುವುದು ಬಂತು. ಕರೆಂಟು ಹರಿಸಿದ ಬರಿಯ ಲೋಹದ ಕಡ್ಡಿಯಿಂದ ಬೆಸೆದರೆ ಗಾಳಿ ಸೇರಿ ಬೆಸುಗೆ ಪೆಡಸಾಗಿ ಒಡೆಯುತ್ತಿತ್ತು. ಕಡ್ಡಿಗೆ ಲೇಪ ಹಚ್ಚಿದ ಮೇಲೆ ಸರಿಹೋಯಿತು. ಲೇಪ ಉರಿದು ಹೊಗೆಯ ಮರೆ ಕಟ್ಟುತ್ತದೆ, ಮೇಲೆ ಕಿಟ್ಟದ ಚಿಪ್ಪು ಕೂರುತ್ತದೆ, ಒಳಗಿನ ಲೋಹ ಗಾಳಿ ಸೋಕದೆ ಆರುತ್ತದೆ. ಈಗಂತೂ ತಂತಿ ತಾನಾಗಿ ಬರುವ ಯಂತ್ರ, ತೆಳು ಸ್ಟೀಲಿಗೆ ಆರ್ಗಾನ್ ಅನಿಲ, ಏನೇನೋ ಇವೆ. ಗುಟ್ಟು ಮಾತ್ರ ಒಂದೇ: ಕರಗಿಸು, ಗಾಳಿ ತಾಗಗೊಡಬೇಡ.

"ಮುಗೀತಾ?" ಎಂದ ಮಾವ. "ಈಗ ಓಲ್ಡರ್ ಇಡ್ಕೊ."

ಕಡ್ಡಿ ಸಿಕ್ಕಿಸಿದ ಹೋಲ್ಡರ್ ಹಿಡಿದೆ. ತಾಗಿಸಿದ ಕೂಡಲೇ ಕಡ್ಡಿ ಕಬ್ಬಿಣದ ತಟ್ಟೆಗೆ ಕಚ್ಚಿಕೊಂಡು ಕೆಂಪಗಾಯಿತು.

"ಎಳೀ, ಎಳೀ! ಇತಿಹಾಸ ಅಂಟ್ಕತು!"

ಬೆಂಕಿಕಡ್ಡಿಯಂತೆ ಗೀರು, ಅಕ್ಕಿಕಾಳಿನಷ್ಟು ಎತ್ತು, ಅಷ್ಟರಲ್ಲೇ ನಿಲ್ಲಿಸು, ಅವಸರ ಮಾಡಬೇಡ. ಇಷ್ಟೇ ಪಾಠ, ಇದಕ್ಕೆ ಮೂರು ತಿಂಗಳು ಹಿಡಿಯಿತು. ಮೊದಲ ವಾರ ಕರಿ ಗಾಜಿನ ಶೀಲ್ಡು ಸರಿಯಾಗಿ ಹಿಡಿಯದೆ ಕಣ್ಣಿಗೆ ಮರಳು ತುಂಬಿದಂತಾಯಿತು. ಅವ್ವ ಆಲೂಗಡ್ಡೆ ಕೊಯ್ದು ಕಣ್ಣಮೇಲಿಟ್ಟಳು. ಮಾವ ನಿಜವಾಗಿ ಅಕ್ಕರೆಯಿಂದ ಕಲಿಸಿದ್ದು ಬೇರೆ ವಿದ್ಯೆ. ಬೆಸೆದಾದ ತಕ್ಷಣ ಕಿಟ್ಟ ಉದುರಿಸು, ಗ್ರೈಂಡರ್ ಹಿಡಿದು ಉಬ್ಬು ಸವರು, ಪುಟ್ಟಿ ಮೆತ್ತು, ಬಣ್ಣ ಬಳಿ. "ಜಾಯಿಂಟ್ ಎಲ್ಲದೆ ಅಂತ ಗಿರಾಕಿ ಉಡುಕ್ಬೇಕು, ಸಿಕ್ಬಾರ್ದು." ನನ್ನ ಕೈಗೆ ಅದು ಚೆನ್ನಾಗಿ ಕೂತಿತು.

ಪರೀಕ್ಷೆಗೆ ನಾವು ಐದು ಜನ, ಉಳಿದ ನಾಲ್ವರೂ ಗಂಡಸರು. ಇಂಗ್ಲಿಷಿನಲ್ಲಿ ಅಚ್ಚುಮಾಡಿದ ನಿಯಮಗಳ ಹಾಳೆ ಕೊಟ್ಟರು. ತಾಂಡವಪುರದವರೊಬ್ಬರು "ಮೇಡಂ, ಏನ್ ಬರ್ದವ್ರೆ ಒಸಿ ಏಳಿ" ಎಂದರು. ಮೇಡಂ ಎಂದಮೇಲೆ ಕೇಳಬೇಕೆ? ಎದ್ದುನಿಂತು ಒಂದೊಂದು ಸಾಲನ್ನೂ ಕನ್ನಡದಲ್ಲಿ ಬಿಡಿಸಿ ಹೇಳಿದೆ. ಏಳನೆಯ ನಿಯಮ: ಬೆಸುಗೆಯ ಕೊನೆಯ ಪದರಕ್ಕೆ ಗ್ರೈಂಡರ್ ತಾಗಿಸಬಾರದು.

ಅಂಚು ಓರೆಯಾಗಿ ಕೆತ್ತಿದ ಎರಡು ಕಬ್ಬಿಣದ ತಟ್ಟೆಗಳನ್ನು ಕೊಟ್ಟರು. ಬುಡದಿಂದ ಪದರ ಪದರವಾಗಿ ತುಂಬಿ ಬೆಸೆದೆ. ಕಿಟ್ಟ ಉದುರಿಸಿದೆ. ಆಮೇಲೆ ಕೈ ತಾನೇ ಹೋಗಿ ಗ್ರೈಂಡರ್ ಎತ್ತಿಕೊಂಡಿತು. ಉಬ್ಬನ್ನು ನುಣ್ಣಗೆ ಸವರಿ, ಬಟ್ಟೆಯಿಂದ ಒರೆಸಿ, ಹೆಮ್ಮೆಯಿಂದ ಮೇಜಿನ ಮೇಲಿಟ್ಟೆ.

ಪರೀಕ್ಷಕರು ತಟ್ಟೆಯನ್ನು ತಿರುಗಿಸಿ ನೋಡಿದರು. "ಪ್ಲೇಟ್ ಬಹಳ ಚೆನ್ನಾಗಿದೆ. ಬೆಸುಗೆ ಎಲ್ಲಮ್ಮಾ?"

ತಾಂಡವಪುರದವರು ಮೆಲ್ಲಗೆ ಕೇಳಿದರು: "ನೀವೇ ಅಲ್ವಾ ಮೇಡಂ, ಓದೇಳಿದ್ದು?"

ಬೆಸುಗೆಯ ಮುಖ, ಅಂದರೆ ಆ ಉಬ್ಬು, ನೋಡಿಯೇ ಪರೀಕ್ಷಕರು ಅರ್ಧ ತೀರ್ಮಾನ ಮಾಡುತ್ತಾರಂತೆ. ನಾನು ಆ ಮುಖವನ್ನೇ ಕೆತ್ತಿಹಾಕಿದ್ದೆ. ಮುಂದಿನ ವಾರ ಇನ್ನೊಂದು ಅವಕಾಶ, ಅದೇ ಕೊನೆಯದು ಎಂದರು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿಕೊಂಡು ಕೂತೆ. ಅತ್ತೆನೆಂದು ಬರೆಯಲು ಇಷ್ಟವಿಲ್ಲ.

ಮಾವ ಕೆರಳಿದ. "ಉಬ್ಬು ಅಂಗೇ ಬುಡ್ಬೇಕಂತಾ? ಅವ್ರ ಮನೆ ಗೇಟ್ಗೂ ಅಂಗೇ ಬುಟ್ಕಳ್ಳಕ್ಕೇಳು."

"ಗೇಟಲ್ಲ ಮಾವ. ಬೆಸೆದಿದ್ದನ್ನ ಪಟ್ಟಿಯಾಗಿ ಕುಯ್ದು ಕೊಕ್ಕೆ ಥರ ಬಗ್ಗಿಸ್ತಾರೆ. ಬಿರುಕು ಬಿಟ್ರೆ ಫೇಲು."

"ಅಷ್ಟೇಯಾ? ನಂದು ಬಗ್ಸಿ ನೋಡು."

ಎರಡು ತುಂಡನ್ನು ಒತ್ತಿಟ್ಟು ತನ್ನ ಪದ್ಧತಿಯಂತೆ ಸರ್ರನೆ ಬೆಸೆದ. ಹಾವಿನ ಹೊಟ್ಟೆಯಂಥ ಚೆಂದದ ಗೆರೆ. ಬಿಗಿಹಿಡಿಯುವ ವೈಸಿಗೆ ಕಚ್ಚಿಸಿ ಸುತ್ತಿಗೆಯಿಂದ ಒಂದು ಕೊಟ್ಟ, ಎರಡು ಕೊಟ್ಟ. ಮೂರನೆಯದಕ್ಕೆ ಟಕ್ ಎಂದು ಎರಡಾಯಿತು. ಮೇಲೆ ಚರ್ಮದಷ್ಟು ಮಾತ್ರ ಕೂಡಿತ್ತು. ಕೆಳಗೆ ಅಂಚುಗಳು ಕುಯ್ದ ಹಾಗೆಯೇ ಉಳಿದಿದ್ದವು.

ಮಾವ ಎರಡೂ ತುಂಡು ಎತ್ತಿ, ಮುರಿದ ಅಂಚಿನ ಮೇಲೆ ಬೆರಳಾಡಿಸಿದ.

"ಗೇಟ್ನ ಯಾರೂ ಬಗ್ಸಲ್ಲ ಕಣವ್ವಾ" ಎಂದ. ನಾನು ನಗಲಿಲ್ಲ. ನಗಬಹುದಿತ್ತು. ಆಮೇಲೆ ಅವನೇ ಸ್ಟೂಲು ಎಳೆದು ಕೂತ. "ಆ ಕಾಗ್ದದಲ್ಲಿ ಏನೇನದೆ, ಪೂರಾ ಓದು."

ಆ ವಾರ ನಾನು ಓದಿದೆ, ಅವನು ಬೆಸೆದ. ಅವನು ಬೈದ, ನಾನು ಬೆಸೆದೆ. ತಟ್ಟೆಗಳ ನಡುವೆ ಕಡ್ಡಿಯಷ್ಟು ಸಂದು ಬಿಟ್ಟರೆ ಕರಗಿದ ಲೋಹ ಬುಡಕ್ಕಿಳಿಯುತ್ತದೆ ಎಂದು ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಪದರದ ನಡುವೆ ಉಜ್ಜಲು ತಂತಿ ಬ್ರಷ್ಷು ಸಾಕೆಂದು ಗ್ರೈಂಡರನ್ನು ಮಾವ ಬೀರುವಿನಲ್ಲಿಟ್ಟು, ಬೀಗದ ಕೈಯನ್ನು ಅತ್ತೆಗೆ ಕೊಟ್ಟ. "ನಾನು ಕೇಳಿದ್ರೂ ಕೊಡ್ಬ್ಯಾಡ."

ಎರಡನೆಯ ಪರೀಕ್ಷೆಯಲ್ಲಿ ನನ್ನ ಬೆಸುಗೆ ಕೊಂಚ ಸೊಟ್ಟಗಿತ್ತು. ಸವರಲು ಕೈ ತುರಿಸುತ್ತಿತ್ತು. ಎರಡೂ ಕೈಯನ್ನು ಹಿಂದೆ ಕಟ್ಟಿಕೊಂಡು ನಿಂತೆ. ಪರೀಕ್ಷಕರು ನೋಡಿದರು, ಅಳೆದರು, ಕುಯ್ದರು, ಯಂತ್ರಕ್ಕಿಟ್ಟು ಒಂದು ಪಟ್ಟಿಯನ್ನು ಬೆಸುಗೆಯ ಮುಖ ಹೊರಗೆ ಬರುವಂತೆ, ಇನ್ನೊಂದನ್ನು ಬುಡ ಹೊರಗೆ ಬರುವಂತೆ ಬಗ್ಗಿಸಿದರು. ಎರಡೂ ಬಿರುಕಿಲ್ಲದೆ ಬಗ್ಗಿದವು. "ಸೋಮವಾರದಿಂದ ಬಾಮ್ಮ" ಎಂದು ಫೋಟೋ ಅಂಟಿಸಿದ ಸರ್ಟಿಫಿಕೇಟು ಕೊಟ್ಟರು.

ಮಾವ ಹೊರಗೆ ಟೀ ಅಂಗಡಿಯಲ್ಲಿ ಕಾಯುತ್ತಿದ್ದ. ಕೈಯನ್ನು ಲುಂಗಿಗೆ ಒರೆಸಿಕೊಂಡು ಹಾಳೆ ಇಸಿದುಕೊಂಡ. "ಕೆಳಗಡೆ ಸಣ್ಣಕ್ಸರದಲ್ಲಿ ಏನೋ ಅದಲ್ಲ?"

ಸತತವಾಗಿ ಆರು ತಿಂಗಳು ವೆಲ್ಡಿಂಗ್ ಮಾಡದಿದ್ದರೆ ಇದು ರದ್ದಾಗುತ್ತದೆ ಎಂದು ಓದಿ ಹೇಳಿದೆ.

"ನೋಡು, ಸರ್ಟಿಫಿಕೇಟು ಅಂದ್ರೆ ಇದು ಕಣವ್ವಾ" ಎಂದ ಮಾವ. "ನಿನ್ ಬಿಎಸ್ಸಿ ಒಂದೂವರೆ ವರ್ಸ ಸುಮ್ನೆ ಕೂತಿದ್ರೂ ರದ್ದಾಗ್ನಿಲ್ವಲ್ಲ!"