ಎಣಿಸಿದ್ದನ್ನು ಹೇಳದ ಮೆಥಡ್

ನಲವತ್ನಾಲ್ಕನೇ ವಯಸ್ಸಿನಲ್ಲಿ, ಕಳೆದ ಶನಿವಾರ, ನಾನು ಪರೀಕ್ಷೆಗೆ ಹೆದರಿ ಬೆವೆತೆ. ಊರ ಮಕ್ಕಳಿಗೆಲ್ಲ ಲೆಕ್ಕ ಕಲಿಸುವ ಮೇಷ್ಟ್ರಿಗೆ ಈ ಗತಿ!

ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಶಿರಾಕ್ಕೂ ಒಂದು ಕಂಪ್ಯೂಟರ್ ಸೆಂಟರ್ ಬಂದಿದೆ, ಗೊತ್ತಲ್ಲ? ಪ್ರತಿ ಶನಿವಾರ ಮಧುಗಿರಿಯಿಂದ ಬಸ್ಸು ಹಿಡಿದು ಅಲ್ಲಿಗೆ ಹೋಗುತ್ತಿದ್ದೇನೆ. ನಾನು ಪಾಸಾದರೆ ನಮ್ಮ ಹೈಸ್ಕೂಲಿಗೆ ಒಂದು ಕಂಪ್ಯೂಟರ್. ಇಲ್ಲದಿದ್ದರೆ ಅದು ಕೊರಟಗೆರೆಯ ಸ್ಕೂಲಿನ ಪಾಲು. (ನಮ್ಮ ಹೆಡ್ಮಾಸ್ಟರು ಆಗಲೇ ಅದಕ್ಕೆ ಹೊದಿಕೆ ಹೊಲಿಸಿಟ್ಟಿದ್ದಾರೆ.)

ಪ್ರೋಗ್ರಾಮ್ ಬರೆದು, ನಾಲ್ಕು ಗಂಟೆಗೆ ಬರುವ ಪರೀಕ್ಷಕರಿಗೆ ಓಡಿಸಿ ತೋರಿಸಬೇಕು. ಪ್ಯಾಸ್ಕಲ್ ಅನ್ನುವ ಕಂಪ್ಯೂಟರ್ ಭಾಷೆಯ ಹೊಸ ಪಾಠ. ಮೊದಲು ಒಂದು ವಸ್ತು ಯಾವುದು ಅಂತ ಹೇಳಬೇಕು, ಆಮೇಲೆ ಅದು ಮಾಡುವ ಕೆಲಸ ಹೇಳಬೇಕು. ಆ ಕೆಲಸಕ್ಕೆ ಮೆಥಡ್ ಅಂತ ಹೆಸರು. ನಾನು ಕುರಿ ಸಾಕುವವರ ಮನೆಯವನು, ಬೇರೇನು ಹೊಳೆದೀತು? ನಮ್ಮ ಮನೆಯ ಮಂದೆಯನ್ನೇ ವಸ್ತು ಮಾಡಿ, ಒಂದೊಂದೇ ಕುರಿಯನ್ನು ನೆನೆಸಿಕೊಂಡು ಅದರೊಳಗೆ ತುಂಬಿದೆ. ‘ಎಣಿಸು’ ಅಂತ ಮೆಥಡ್ ಬರೆದೆ.

ಓಡಿಸಿದರೆ ಎರರ್! ಮತ್ತೆ ಓಡಿಸಿದೆ, ಮತ್ತೆ ಎರರ್. ಗಂಟೆ ಮೂರೂವರೆ.

ಪಾಠ ಹೇಳುವ ಶಾಹಿದಾ ಮೇಡಂ ಬಗ್ಗಿ ನೋಡಿದರು. ನನ್ನ ಮಗಳ ವಯಸ್ಸಿನವರು.

“ಸಾರ್, ಇದನ್ನ ಪ್ರೊಸೀಜರ್ ಅಂತ ಹಾಕಿದ್ದೀರ. ಅದು ಎಣಿಸಿ ಸುಮ್ನಾಗುತ್ತೆ. ಎಷ್ಟು ಅಂತ ಜವಾಬು ಬೇಕಂದ್ರೆ ಫಂಕ್ಷನ್ ಅನ್ಬೇಕು. ಜವಾಬು ನಂಬರು ಅಂತಾನೂ ಬರೀಬೇಕು.”

“ಎಣಿಸಿದ್ಮೇಲೆ ಹೇಳ್ಬಾರ್ದಲ್ವೇನಮ್ಮ?” ಅಂದುಬಿಟ್ಟೆ.

ಅವರು ಕಣ್ಣರಳಿಸಿದರು. ನಾನೇನು ಮಾಡಲಿ? ಅಪ್ಪ ಈಗಲೂ ದಿನಾ ಸಂಜೆ ರೊಪ್ಪದ ಬಾಗಿಲಲ್ಲಿ ನಿಂತು ಒಂದೊಂದೇ ಕುರಿಯ ಬೆನ್ನು ಮುಟ್ಟಿ ಒಳಗೆ ಬಿಡುತ್ತಾನೆ. ಎಷ್ಟಿವೆ ಅಂತ ಕೇಳಿ ನೋಡಿ! “ಅವೆ ಬುಡ್ಲಾ. ಎಣಿಸ್ಬೇಕು ಕಣ್ಲಾ, ಬಾಯಿ ಬುಡ್ಬಾರ್ದು. ಕಣ್ಣು ಬೀಳ್ತದೆ.”

ಕೆಳಗೆ ಮೆಥಡ್ ಬರೆದಿದ್ದ ಜಾಗದಲ್ಲಿ ತಿದ್ದಿದೆ. ಮತ್ತೆ ಎರರ್!

“ಮೇಲೆ ವಸ್ತು ಹೇಳ್ವಾಗ ಈ ಮೆಥಡ್ ಹೆಸರೂ ಹೇಳಿದ್ದೀರಲ್ಲ, ಅಲ್ಲೂ ತಿದ್ದಿ ಸಾರ್. ಮೇಲೊಂದು ಕೆಳಗೊಂದು ಹೇಳಿದ್ರೆ ಅದು ಹೆಂಗೆ ನಂಬುತ್ತೆ?”

ಈ ಮಾತು ನಮ್ಮ ಎಷ್ಟು ಮನೆ, ಆಫೀಸುಗಳಿಗೆ ಸಲ್ಲುತ್ತದೆ! ಕೆಲಸ ಹಚ್ಚುತ್ತೇವೆ, ಏನು ಬೇಕು ಅಂತ ಸರಿಯಾಗಿ ಹೇಳುವುದಿಲ್ಲ, ಆಮೇಲೆ ರೇಗಾಡುತ್ತೇವೆ.

ಮೇಲೂ ತಿದ್ದುವಷ್ಟರಲ್ಲಿ ಪರೀಕ್ಷಕರು ಬಂದರು. ಕೀ ಒತ್ತಿದೆ. ನಮ್ಮ ಮನೆಯ ಕುರಿ ಎಷ್ಟು ಅಂತ ಸ್ಕ್ರೀನಿನ ಮೇಲೆ ಹಸಿರು ಅಂಕಿಯಲ್ಲಿ ಮೂಡಿಯೇಬಿಟ್ಟಿತು. ನನಗೆ ನಿಜಕ್ಕೂ ಭಯವಾಯಿತು.

“ಸಾರ್, ಕೈ ತೆಗೀರಿ, ಅವರು ನೋಡ್ಬೇಕು,” ಅಂದರು ಮೇಡಂ. ನೋಡಿದರೆ, ನನ್ನ ಎರಡೂ ಅಂಗೈ ಸ್ಕ್ರೀನಿನ ಮೇಲಿದ್ದವು!

ತೆಗೆದೆ. ಪಾಸೂ ಆದೆ. ಕಂಪ್ಯೂಟರ್ ನಮ್ಮ ಸ್ಕೂಲಿಗೇ ಬರುತ್ತದೆ.

ಆದರೆ ನಾಳೆ ರೊಪ್ಪದಲ್ಲಿ ಒಂದು ಕುರಿ ಕೆಮ್ಮಿದರೂ ಅಪ್ಪನಿಗೆ ನಾನು ಏನಂತ ಹೇಳಲಿ?