ಉರುಳು ಬಿಚ್ಚುವ ಕೇಶವಣ್ಣನ ಮನೆಗೆ ಚಪ್ಪರ

ದೇವರಮನೆ ಗುಡ್ಡದ ಕೆಳಗೆ, ಕಾಫಿ ತೋಟ ಮುಗಿದು ಕಾಡು ಶುರುವಾಗುವ ಕಡೆ, ಚನ್ನಕೇಶವ ಅಂಗೈ ಮಂಡಿ ಊರಿಕೊಂಡು ಅಂಬೆಗಾಲಿಡುತ್ತಿದ್ದಾರೆ. ಬಿಸಿಲು ಇನ್ನೂ ಬಿದ್ದಿಲ್ಲ. ಐವತ್ತರ ಹತ್ತಿರದ ಮನುಷ್ಯ, ಮೈಮೇಲೆ ಖಾಕಿ ಅಂಗಿ ಬೇರೆ, ಹೀಗೆ ಲಂಟಾನದ ಪೊದೆಯೊಳಗೆ ತಲೆ ತೂರಿಸುವುದನ್ನು ನೋಡಿದರೆ ಯಾರಿಗಾದರೂ ನಗು ಬರಬೇಕು. ಅವರ ಕೆಲಸ ನೋಡಿ ಬರೆಯಲು ಜೊತೆಗೆ ಬಂದ ನನಗೂ ಬರುತ್ತದೆ. ಅವರು ತಿರುಗಿ ನೋಡಿ ತಾವೂ ನಗುತ್ತಾರೆ.

“ನಿಂತ್ಕಂಡು ನೋಡಿದ್ರೆ ಎಂತದೂ ಕಾಣಲ್ಲ ಮಾರಾಯ್ರೆ. ಹಂದಿ ಎತ್ತರಕ್ಕೆ ಬಗ್ಗಬೇಕು. ನೀವೂ ಬಗ್ಗಿ.”

ಬಗ್ಗಿದರೆ ಕಾಣುತ್ತದೆ. ಬೇಲಿಯ ಕಂಡಿಯಲ್ಲಿ, ಪ್ರಾಣಿಗಳು ಓಡಾಡಿ ಸವೆದ ದಾರಿಗೆ ಅಡ್ಡಲಾಗಿ, ಬಾಯಿ ತೆರೆದುಕೊಂಡ ಒಂದು ತಂತಿಯ ಕುಣಿಕೆ. ಬೈಕಿನ ಹಳೇ ಕ್ಲಚ್ ಕೇಬಲ್ಲು. ಇನ್ನೊಂದು ತುದಿ ಗೂಟಕ್ಕೆ ಬಿಗಿದಿದೆ. ತಲೆ ತೂರಿಸಿದ ಪ್ರಾಣಿ ಎಳೆದಷ್ಟೂ ಅದು ಬಿಗಿಯಾಗುತ್ತಾ ಹೋಗುತ್ತದೆ. ಇದೇ ಉರುಳು. ಇಡುವುದು ಕಾಡುಹಂದಿಗೆ, ಆದರೆ ಕಡವೆಯೂ ಬೀಳುತ್ತದೆ, ಕಾಡುಕುರಿಯೂ ಬೀಳುತ್ತದೆ, ಇಟ್ಟವನ ಮನೆಯ ನಾಯಿಯೇ ಬಿದ್ದದ್ದೂ ಉಂಟು. ಕೇಶವಣ್ಣ ಅದನ್ನು ಕತ್ತರಿಸುವುದಿಲ್ಲ, ಕೂತು ಗಂಟು ಬಿಚ್ಚುತ್ತಾರೆ. ಕತ್ತರಿಸಿದರೆ ಉಳಿದ ಚೂರು ಯಾವುದಾದರೂ ಕಾಲಿಗೆ ಸಿಕ್ಕಿಕೊಳ್ಳುತ್ತದಂತೆ. ಬಿಚ್ಚಿದ ತಂತಿ ಸುರುಳಿಯಾಗಿ ಅವರ ಹೆಗಲ ಚೀಲ ಸೇರುತ್ತದೆ. ಸಂಜೆ ಅದನ್ನು ಅರಣ್ಯ ಇಲಾಖೆಯ ಕಚೇರಿಗೆ ಒಪ್ಪಿಸಬೇಕು.

ಬಣಕಲ್‌ನಿಂದ ಒಳಗೆ ಹೋದರೆ ಸಿಗುವ ಸಣ್ಣ ಊರು ಇವರದು. ಇಲಾಖೆಯಲ್ಲಿ ಕಾಡು ಕಾಯುವ ದಿನಗೂಲಿ ವಾಚರ್. ಸೇರಿದ್ದು ತೊಂಬತ್ತರ ಸುಮಾರಿಗೆ, ಇಂದಿಗೂ ಕೆಲಸ ಖಾಯಂ ಆಗಿಲ್ಲ. ಕೈಯಲ್ಲಿ ಒಂದು ಕತ್ತಿ, ಒಂದು ದೊಣ್ಣೆ. ಇಲಾಖೆ ಕೊಟ್ಟ ಬೂಟು ಕಾಲಿಗಿಂತ ದೊಡ್ಡದು, ಮುಂದಕ್ಕೆ ಬಟ್ಟೆ ತುರುಕಿ ಹಾಕಿಕೊಳ್ಳುತ್ತಾರೆ. ಆನೆ ಎರಡು ಸಲ ಅಟ್ಟಿಸಿಕೊಂಡು ಬಂದಿದೆ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಹಸಿ ಸೊಪ್ಪು ಹಿಡಿದು ಬಡಿಯಲು ಓಡುವವರೂ ಇವರೇ.

“ಆ ಬೂಟಿನ ಸದ್ದಿಗೆ ಹಂದಿನೇ ಓಡ್ತವೆ. ಇನ್ನು ಕಳ್ಳಬೇಟೆಯವ್ರು ಕೂತಿರ್ತಾರಾ?” ಎಂದು ಹೆಂಡತಿ ಕೃಷ್ಣಮ್ಮ ರೇಗಿಸುತ್ತಾರೆ. ರೇಗಿಸುತ್ತಲೇ ಬುತ್ತಿಗೆ ಎರಡು ಕಡುಬು ಹೆಚ್ಚಿಗೆ ಹಾಕುತ್ತಾರೆ.

ಆನೆಗೆ ಹೆದರದ ಈ ಮನುಷ್ಯನಿಗೆ ಈಗ ಹಿಡಿದಿರುವ ಚಿಂತೆಯೇ ಬೇರೆ. ಮುಂದಿನ ವಾರ ಮಗಳು ಕವನಾಳ ಮದುವೆ. ಈ ಕಡೆ ಮದುವೆಯ ಹಿಂದಿನ ದಿನ ಊರಿನ ಗಂಡಸರೆಲ್ಲ ಸೇರಿ ಚಪ್ಪರ ಹಾಕುತ್ತಾರೆ, ಹೆಂಗಸರು ತರಕಾರಿ ಹೆಚ್ಚುತ್ತಾರೆ. ಕೂಲಿಗೆ ಜನ ಕರೆದು ಚಪ್ಪರ ಹಾಕಿಸುವುದೆಂದರೆ ಊರಲ್ಲಿ ತನ್ನವರು ಯಾರೂ ಇಲ್ಲ ಎಂದು ಒಪ್ಪಿಕೊಂಡ ಹಾಗೆ. ಕೇಶವಣ್ಣನ ಮನೆಗೆ ಯಾರು ಬರುತ್ತಾರೆ?

ಈ ಪ್ರಶ್ನೆ ಹುಟ್ಟಿದ್ದು ಮೂರು ವರ್ಷದ ಹಿಂದೆ, ೨೦೦೧ರಲ್ಲಿ. ಊರಿನ ಸಣ್ಣ ಬೆಳೆಗಾರ ಚಂದ್ರಶೇಖರಪ್ಪ ಹಂದಿ ಕಾಟ ತಡೆಯಲಾರದೆ ಗದ್ದೆಯ ಬೇಲಿಗೆ ಉರುಳು ಇಟ್ಟಿದ್ದರು. ಬಿದ್ದದ್ದು ಚಿರತೆ, ಸೊಂಟಕ್ಕೆ ತಂತಿ ಬಿಗಿದುಕೊಂಡು ಇನ್ನೂ ಜೀವಂತ. ಜನ ಕಲ್ಲು ಹಿಡಿದು ಸೇರಿದರು. ಡಾಕ್ಟರು ಬಂದು ಅರಿವಳಿಕೆ ಕೊಡುವ ತನಕ ಕೇಶವಣ್ಣ ಒಬ್ಬರೇ ನಡುವೆ ನಿಂತರು.

“ಅದು ಗುರ್ ಅಂತಿತ್ತು. ‘ಸುಮ್ನಿರು ಮಾರಾಯ, ನಂಗೂ ಹೆದ್ರಿಕೆ ಆಗ್ತದೆ’ ಅಂದೆ. ಇನ್ನೆಂತ ಹೇಳಾದು?”

ಚಿರತೆ ಉಳಿಯಿತು, ಕಾಡಿಗೂ ಹೋಯಿತು. ಉರುಳು ಯಾರದೆಂದು ಇಲಾಖೆಯ ಸಾಹೇಬರು ಕೇಳಿದಾಗ ಊರಿನವರೆಲ್ಲ ನೆಲ ನೋಡಿದರು. ಕೇಶವಣ್ಣ ಹೆಸರು ಹೇಳಿದರು. ಚಂದ್ರಶೇಖರಪ್ಪನ ಮೇಲೆ ಕೇಸಾಯಿತು. ಅದು ಇನ್ನೂ ನಡೆಯುತ್ತಿದೆ, ಬರುವ ತಿಂಗಳು ಕೇಶವಣ್ಣ ಸಾಕ್ಷಿ ಹೇಳಬೇಕು.

ಊರು ಅವರೊಂದಿಗೆ ಜಗಳವಾಡಲಿಲ್ಲ. ಮೊದಲೆಲ್ಲ ಯಾರಾದರೂ ಕದ್ದು ಹಂದಿ ಹೊಡೆದರೆ ಮನೆಮನೆಗೆ ಹಂಚುವ ಪಾಲು ವಾಚರ್ ಮನೆಗೂ ಬರುತ್ತಿತ್ತು. ಇವರು ಬೈದು ವಾಪಸ್ ಕಳಿಸುತ್ತಿದ್ದರು. ಮುಂದಿನ ಸಲ ಮತ್ತೆ ಬರುತ್ತಿತ್ತು. ಕೇಸಾದ ಮೇಲೆ ಅದು ನಿಂತಿತು. “ಬ್ಯಾಡ ಅಂತ ವಾಪಸ್ ಕಳ್ಸಕ್ಕಾದ್ರೂ ಬರ್ಬೇಕಲ್ಲ” ಎನ್ನುವಾಗ ಅವರ ದನಿ ಸಣ್ಣಗಾಗುತ್ತದೆ. ಮದುವೆಗಳಿಗೆ ಕರೆಯುತ್ತಾರೆ, ಆದರೆ ಕೆಲಸ ಹೇಳುವುದಿಲ್ಲ. ದೂರದ ನೆಂಟರನ್ನು ಕೂರಿಸುವ ಹಾಗೆ ಕುರ್ಚಿ ಕೊಟ್ಟು ಕೂರಿಸುತ್ತಾರೆ. ಹುಟ್ಟಿದೂರಿನ ಮದುವೆಯಲ್ಲಿ ಒಂದು ಬಾಳೆಎಲೆ ಹಾಸುವ ಕೆಲಸವೂ ಇಲ್ಲದೆ ಕೂರುವುದು ಎಂಥ ಶಿಕ್ಷೆ ಗೊತ್ತೇ ಎಂದು ಅವರು ಕೇಳುತ್ತಾರೆ.

ಗಸ್ತು ಮುಗಿಸಿ, ಸ್ನಾನ ಮಾಡಿ, ಗಂಡ ಹೆಂಡತಿ ಲಗ್ನಪತ್ರಿಕೆ ಹಿಡಿದು ಹೊರಡುತ್ತಾರೆ. ಊರಿನ ಎಲ್ಲ ಮನೆಗೂ ಕೊಟ್ಟಾಗಿದೆ, ಉಳಿದಿರುವುದು ಒಂದೇ ಮನೆ. ನಾನೂ ಹಿಂದೆ ನಡೆಯುತ್ತೇನೆ.

ಚಂದ್ರಶೇಖರಪ್ಪ ಕಣದಲ್ಲಿ ಒಣಹಾಕಿದ ಕಾಫಿಹಣ್ಣು ಕೆದಕುತ್ತಿದ್ದಾರೆ. ಅವರ ಹೆಂಡತಿ ವಿಮಲಮ್ಮ ಚಾಪೆ ಹಾಸಿ ಕೂರಿಸಿ, ಕಾಫಿ ತರುತ್ತಾರೆ. ಕೃಷ್ಣಮ್ಮ ಅರಿಸಿನ ಕುಂಕುಮ ಕೊಟ್ಟು ಕರೆಯುತ್ತಾರೆ. ಚಂದ್ರಶೇಖರಪ್ಪ ಕೈ ಒರೆಸಿಕೊಂಡು ಒಳಗೆ ಬಂದು ಪತ್ರಿಕೆ ತೆಗೆದುಕೊಳ್ಳುತ್ತಾರೆ. ಅದರಲ್ಲಿ ಇರುವುದಕ್ಕಿಂತ ಹೆಚ್ಚು ಹೊತ್ತು ಓದುತ್ತಾರೆ.

“ಚಪ್ಪರ ಯಾವತ್ತು?”

“ಬುಧವಾರ, ಚಂದ್ರಣ್ಣ.”

“ಕಂಬ?”

“ಇನ್ನೂ ಎಂತದೂ ನೋಡಿಲ್ಲ.”

“ಕಾಡಿಂದ ತರಬ್ಯಾಡ ಮತ್ತೆ. ನೀನು ನಿನ್ ಮೇಲೇ ಕೇಸ್ ಹಾಕ್ಕಳೋ ಆಸಾಮಿ. ನಮ್ ತೋಟದಲ್ಲಿ ಸಿಲ್ವರ್ ಮರ ಕಡಿದು ಹಾಕಿದೀನಿ. ಹುಡುಗ್ರನ್ನ ಕರ್ಕಂಡು ನಾನೇ ತರ್ತೀನಿ.” ಕೃಷ್ಣಮ್ಮನ ಕಡೆ ತಿರುಗಿ, “ಬೆಳಿಗ್ಗೆ ತಿಂಡಿ ಜಾಸ್ತಿ ಮಾಡು. ಈ ನನ್ಮಕ್ಳು ತಿನ್ನದೆ ಕೆಲ್ಸ ಮಾಡಲ್ಲ” ಎನ್ನುತ್ತಾರೆ.

ಕೃಷ್ಣಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ವಿಮಲಮ್ಮನೂ ಒರೆಸಿಕೊಳ್ಳುತ್ತಾರೆ. ಕೇಶವಣ್ಣ ಮಾತ್ರ ಕಾಫಿ ಲೋಟದೊಳಗೇ ನೋಡುತ್ತಾ ಕೂರುತ್ತಾರೆ.

ವಾಪಸ್ ಬರುವಾಗ ನನ್ನ ನಾಲಿಗೆ ಸುಮ್ಮನಿರುವುದಿಲ್ಲ. ಬರುವ ತಿಂಗಳು ಕೋರ್ಟಿನಲ್ಲಿ ಏನು ಹೇಳುತ್ತೀರಿ ಎಂದು ಕೇಳಿಬಿಡುತ್ತೇನೆ. ಕೃಷ್ಣಮ್ಮ ನನ್ನನ್ನು ನುಂಗುವ ಹಾಗೆ ನೋಡುತ್ತಾರೆ. ಕೇಶವಣ್ಣ ನಡೆಯುತ್ತಲೇ ಹೇಳುತ್ತಾರೆ:

“ಕಂಡಿದ್ದು ಹೇಳ್ತೀನಿ. ಬೇರೆ ಎಂತ ಹೇಳಾದು? ಚಂದ್ರಣ್ಣಂಗೂ ಅದು ಗೊತ್ತು. ಗೊತ್ತಿದ್ದೂ ಕಂಬ ತರ್ತೀನಿ ಅಂದ್ರಲ್ಲ ಮಾರಾಯ್ರೆ.”